ಕಳಸ-ಅಂಗಡಿ ಸೀಮೆಯ ಶಾಸನಗಳು ಮತ್ತು ಮುಕ್ತ ದಾಖಲೆ ಭಂಡಾರದ ಪರಂಪರೆ

ರಾಜಾಜ್ಞೆ, ದಾನಪತ್ರ, ನ್ಯಾಯನಿರ್ಣಯ ಮೊದಲಾದ ದಾಖಲೆಗಳು ಯಾರ ಸ್ವತ್ತು ಎಂಬ ಪ್ರಶ್ನೆ ಇಂದು ಅಂತರಜಾಲದ ಭಂಡಾರಗಳ ಸಂದರ್ಭದಲ್ಲಿ ಹೊಸದಾಗಿ ಕೇಳಿಬರುತ್ತಿದೆ. ಆದರೆ ಪ್ರಶ್ನೆ ಹಳೆಯದು. ಕರ್ನಾಟಕದಲ್ಲಿ ಅದಕ್ಕೆ ದೊರೆತ ಉತ್ತರಗಳೂ ಹಳೆಯವು. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಮತ್ತು ಕಳಸದ ಮಲೆಸೀಮೆಯ ಶಾಸನಗಳನ್ನು ಆಧಾರವಾಗಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ಪರಿಶೀಲಿಸಲಾಗಿದೆ.

೧. ಕಲ್ಲು, ತಾಮ್ರ, ಕಡತ

ಪ್ರಾಚೀನ ಕರ್ನಾಟಕದ ಆಡಳಿತ ದಾಖಲೆಗಳನ್ನು ಅವು ಯಾರ ಕಣ್ಣಿಗೆ ಬೀಳುತ್ತಿದ್ದುವೆಂಬ ದೃಷ್ಟಿಯಿಂದ ಮೂರು ಬಗೆಯಾಗಿ ವಿಂಗಡಿಸಬಹುದು. ತಾಮ್ರಪಟ ದಾನ ಪಡೆದವನ ಮನೆಯ ಪೆಟ್ಟಿಗೆಯಲ್ಲಿರುತ್ತಿತ್ತು. ಕಡತ ಕರಣಿಕನ ವಶದಲ್ಲಿರುತ್ತಿತ್ತು. ಶಿಲಾಶಾಸನವೊಂದೇ ದೇವಾಲಯದ ಅಂಗಳದಲ್ಲೋ ಬಸದಿಯ ಬಾಗಿಲಲ್ಲೋ ಊರಿನ ಮುಂದೆಯೋ ನಿಂತು, ಬಂದವರೆಲ್ಲರ ಎದುರು ತೆರೆದಿರುತ್ತಿತ್ತು. ದತ್ತಿಯ ಭೂಮಿಯ ಚತುಸ್ಸೀಮೆಯನ್ನೂ ಸಾಕ್ಷಿಗಳ ಹೆಸರನ್ನೂ ಅಲ್ಲಿ ಕೊರೆಯಿಸುತ್ತಿದ್ದುದು ಅಲಂಕಾರಕ್ಕಲ್ಲ. ಮುಂದೆ ಯಾರಾದರೂ ಗಡಿಯನ್ನು ಒತ್ತಿದರೆ ಊರವರು ಕಲ್ಲಿನತ್ತ ಕೈತೋರಲೆಂಬುದೇ ಅದರ ಉದ್ದೇಶ. ಓದುಬಾರದವನಿಗೂ ಸೂರ್ಯಚಂದ್ರರ ಚಿತ್ರ ಅರ್ಥವಾಗುತ್ತಿತ್ತು. ಉಳಿದುದನ್ನು ಬಲ್ಲವರು ಓದಿ ಹೇಳುತ್ತಿದ್ದರು.

ಮೂಡಿಗೆರೆ ತಾಲ್ಲೂಕಿನ ಅಂಗಡಿ, ಅಂದರೆ ಪ್ರಾಚೀನ ಸೊಸೆವೂರು, ಹೊಯ್ಸಳರ ಮೂಲಸ್ಥಾನವೆಂದು ವಿದ್ವಾಂಸರು ಒಪ್ಪಿರುವ ಗ್ರಾಮ. ಅಲ್ಲಿನ ಬಸದಿಗಳ ಪರಿಸರದಲ್ಲಿ ದೊರೆತ ಶಾಸನಗಳಲ್ಲಿ ವಿನಯಾದಿತ್ಯನ ಗುರು ಶಾಂತಿದೇವರು ಕ್ರಿ.ಶ. 1062ರಲ್ಲಿ ಸಮಾಧಿ ಹೊಂದಿದುದನ್ನು ತಿಳಿಸುವ ಶಾಸನವೂ ಒಂದು. ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿಯೂ ಈ ಶಾಂತಿದೇವರನ್ನು ವಿನಯಾದಿತ್ಯನ ಸಂಬಂಧದಲ್ಲಿ ಸ್ಮರಿಸುತ್ತದೆ. ಹೀಗೆ ಎರಡು ಊರುಗಳ ಎರಡು ಕಲ್ಲುಗಳು ಪರಸ್ಪರ ಸಾಕ್ಷಿ ನುಡಿಯುತ್ತವೆ. ಎರಡೂ ಬಯಲಿನಲ್ಲಿದ್ದುದರಿಂದಲೇ ಅವುಗಳನ್ನು ಜೋಡಿಸಿ ನೋಡುವುದು ಸಾಧ್ಯವಾಯಿತು.

ಕಳಸದ ನಿದರ್ಶನ ಇನ್ನೂ ಸ್ವಾರಸ್ಯವಾದುದು. ಸಾಂತರರೂ ಅನಂತರ ಕಳಸ-ಕಾರ್ಕಳದ ಭೈರರಸರೂ ಆಳಿದ ಈ ನಾಡಿನಲ್ಲಿ 13ನೆಯ ಶತಮಾನದ ಜಾಕಲ ಮಹಾದೇವಿ, ಕಾಳಲ ಮಹಾದೇವಿಯರೆಂಬ ರಾಣಿಯರ ಹೆಸರುಗಳು ಶಾಸನಗಳಿಂದಲೇ ವಿದಿತವಾಗಿವೆ. 1432ರಲ್ಲಿ ಕಾರ್ಕಳದ ಬಾಹುಬಲಿಯನ್ನು ಪ್ರತಿಷ್ಠಾಪಿಸಿದ ಜೈನ ಮನೆತನವೇ ಕಳಸದ ಕಳಸೇಶ್ವರನಿಗೆ ದತ್ತಿಗಳನ್ನು ಬಿಟ್ಟಿತೆಂಬುದು ಶಾಸನಗಳು ಉಳಿಯದಿದ್ದರೆ ಇಂದು ಕೇವಲ ಐತಿಹ್ಯವಾಗಿರುತ್ತಿತ್ತು.

೨. ರೈಸರ ಸಂಪುಟ

ಕಲ್ಲು ತೆರೆದಿದ್ದರೂ ಮಲೆನಾಡಿನ ಮಳೆಗೂ ಪಾಚಿಗೂ ತೆರೆದಿತ್ತು. ದೂರದ ವಿದ್ವಾಂಸನಿಗೆ ಅದು ಅಲಭ್ಯವೇ ಆಗಿತ್ತು. ಈ ಕೊರತೆಯನ್ನು ನೀಗಿದವರು ಬೆಂಗಳೂರಿನಲ್ಲೇ 1837ರಲ್ಲಿ ಜನಿಸಿದ ಬಿ. ಎಲ್. ರೈಸರು. ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳು ಅಚ್ಚಾದುವು. ಆಗ ಕಡೂರು ಜಿಲ್ಲೆಯೆನಿಸಿದ್ದ ಈ ಸೀಮೆಯ ಶಾಸನಗಳು 1901ರಲ್ಲಿ ಆರನೆಯ ಸಂಪುಟವಾಗಿ ಹೊರಬಂದುವು. ಕನ್ನಡ ಲಿಪಿಯಲ್ಲಿ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಎಂಬ ಮೂರು ಅಂಗಗಳನ್ನು ಕೊಟ್ಟುದರಿಂದ ಓದುಗನು ಸಂಪಾದಕನ ಅರ್ಥವನ್ನು ಒಪ್ಪಬೇಕಾಗಿರಲಿಲ್ಲ. ಪಾಠವನ್ನೇ ನೋಡಿ ತೀರ್ಮಾನಿಸಬಹುದಾಗಿತ್ತು.

ಇದರ ಫಲ ಕೂಡಲೇ ಕಂಡಿತು. ರೈಸರು ಪ್ರಕಟಿಸಿದ ಗಂಗರ ತಾಮ್ರಪಟಗಳಲ್ಲಿ ಹಲವು ಕೂಟವೆಂದೂ, ಭದ್ರಬಾಹು-ಚಂದ್ರಗುಪ್ತರ ಬಗ್ಗೆ ಅವರು ಕೊಟ್ಟ ಅರ್ಥ ಸಲ್ಲದೆಂದೂ ಜೆ. ಎಫ್. ಫ್ಲೀಟರು ವಾದಿಸಿದರು. ಆ ವಾದದಲ್ಲಿ ಯಾರ ಪಕ್ಷ ಬಲವಾದುದೆಂಬುದು ಇಲ್ಲಿ ಪ್ರಸ್ತುತವಲ್ಲ. ಆಕರ ಎಲ್ಲರ ಕೈಗೂ ಸಿಕ್ಕಿದುದರಿಂದ ವಾದ ಸಾಧ್ಯವಾಯಿತೆಂಬುದೇ ಮುಖ್ಯ. ಶ್ರವಣಬೆಳಗೊಳದ ಶಾಸನಗಳು ರೈಸರ 1889ರ ಸಂಪುಟದಲ್ಲಿ 144, ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ 500. 1973ರ ಪರಿಷ್ಕರಣದಲ್ಲಿ 573. ತೆರೆದಿಟ್ಟ ಭಂಡಾರ ತಿದ್ದಲ್ಪಡುತ್ತದೆ, ಬೆಳೆಯುತ್ತದೆ.

೩. ಮುಚ್ಚಿದ ಭಂಡಾರದ ಪಾಠ

ಇದಕ್ಕೆ ಎದುರಾದ ನಿದರ್ಶನ ಘಟ್ಟದ ಕೆಳಗೆ, ಮೂಡುಬಿದಿರೆಯಲ್ಲಿ ದೊರೆಯುತ್ತದೆ. ವೀರಸೇನಾಚಾರ್ಯರ ಧವಲಾ ಟೀಕೆಯ ತಾಳೆಯೋಲೆಗಳು ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಭಕ್ತಿಯಿಂದ ರಕ್ಷಿತವಾಗಿದ್ದುವು. ರಕ್ಷಕರ ನಿಷ್ಠೆ ಸಂದೇಹಾತೀತ. ಅವರಿಲ್ಲದಿದ್ದರೆ ಗ್ರಂಥವೇ ಇರುತ್ತಿರಲಿಲ್ಲ. ಆದರೆ ಯಾತ್ರಿಕನಿಗೆ ದೊರೆಯುತ್ತಿದ್ದುದು ದರ್ಶನ ಮಾತ್ರ, ಅಧ್ಯಯನವಲ್ಲ. 1896ರಿಂದ ಪ್ರತಿ ಮಾಡುವ ಕಾರ್ಯ ನಡೆದು, ರಹಸ್ಯವಾಗಿ ಮಾಡಿಕೊಂಡ ಪ್ರತಿಯೊಂದು ಉತ್ತರ ಭಾರತವನ್ನು ತಲುಪಿದ ಮೇಲೆಯೇ ಡಾ. ಹೀರಾಲಾಲ್ ಜೈನರು 1939ರಿಂದ ಅದನ್ನು ಅಚ್ಚಿಗೆ ತರಲು ಸಾಧ್ಯವಾಯಿತು. ರಕ್ಷಣೆ ಮತ್ತು ಪ್ರಸಾರ ಬೇರೆ ಬೇರೆ ಧರ್ಮಗಳೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆ ಈ ಎರಡನೆಯ ಧರ್ಮವನ್ನು ಹತ್ತನೆಯ ಶತಮಾನದಲ್ಲೇ ಅರಿತಿದ್ದಳು. ಜೈನ ಪರಂಪರೆಯಲ್ಲಿ ಅದಕ್ಕೆ ಶಾಸ್ತ್ರದಾನವೆಂದು ಹೆಸರು.

೪. ಇಂದಿನ ಭಂಡಾರಗಳು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂದಾಳತ್ವ ವಹಿಸಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಲಕ್ಷಾಂತರ ಗ್ರಂಥಗಳ ಪುಟಗಳನ್ನು ಚಿತ್ರಿಸಿತು. 2017ರ ಹೊತ್ತಿಗೆ ಆ ತಾಣ ಓದುಗರಿಗೆ ಮುಚ್ಚಿಹೋಯಿತು. ಆದರೆ ಅಷ್ಟರಲ್ಲಿ ಅಮೆರಿಕದ ಕಾರ್ಲ್ ಮಲಮೂದರು ಅದರ ಬಹುಭಾಗವನ್ನು ಇಂಟರ್ನೆಟ್ ಆರ್ಕೈವ್‌ನಲ್ಲಿ ಪ್ರತಿ ಮಾಡಿದ್ದರು. ರೈಸರ ಸಂಪುಟಗಳನ್ನು ಇಂದು ಕಳಸದ ವಿದ್ಯಾರ್ಥಿಯೊಬ್ಬ ಹಣ ತೆರದೆ ತೆರೆದು ನೋಡಬಹುದಾಗಿರುವುದು ಇಂತಹ ಭಂಡಾರಗಳಿಂದ. ಮೂಲ ಮುಚ್ಚಿದಾಗ ಪ್ರತಿಯೇ ಉಳಿಸುತ್ತದೆಂಬುದು ಹಸ್ತಪ್ರತಿಗಳನ್ನು ಬಲ್ಲವರಿಗೆ ಹೊಸ ಮಾತಲ್ಲ.

ನ್ಯಾಯಾಲಯದ ದಾಖಲೆಗಳ ವಿಷಯವೂ ಇದೇ. ಅಮೆರಿಕದ ಫೆಡರಲ್ ನ್ಯಾಯಾಲಯಗಳ ಪೇಸರ್ ವ್ಯವಸ್ಥೆಯಲ್ಲಿ ಪುಟಕ್ಕೆ 10 ಸೆಂಟ್ ಶುಲ್ಕವಿದೆ. ಒಬ್ಬನು ಹಣ ತೆತ್ತು ಪಡೆದ ಪತ್ರವನ್ನು ಎಲ್ಲರಿಗೂ ಉಚಿತವಾಗಿ ಒದಗಿಸುವ ‘ರೀಕ್ಯಾಪ್’ ಎಂಬ ಏರ್ಪಾಡು 2009ರಲ್ಲಿ ಅಲ್ಲಿ ಹುಟ್ಟಿತು; ಇದೂ ಒಂದು ಬಗೆಯ ಶಾಸ್ತ್ರದಾನವೇ. ಭಾರತದಲ್ಲಿ 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ತೀರ್ಪುಗಳ ಪುನರ್ಮುದ್ರಣಕ್ಕೆ, ನ್ಯಾಯಾಲಯ ನಿಷೇಧಿಸದ ಪಕ್ಷದಲ್ಲಿ, ಅವಕಾಶ ನೀಡಿದೆ. 2008ರಲ್ಲಿ ಸುಶಾಂತ್ ಸಿನ್ಹಾ ಆರಂಭಿಸಿದ ‘ಇಂಡಿಯನ್ ಕಾನೂನ್’ ತೀರ್ಪುಗಳನ್ನೂ ಕಾಯಿದೆಗಳನ್ನೂ ಉಚಿತವಾಗಿ ಹುಡುಕುವಂತೆ ಮಾಡಿತು. ಸರ್ವೋಚ್ಚ ನ್ಯಾಯಾಲಯವೇ ತನ್ನ ವರದಿಗಳನ್ನು ಉಚಿತವಾಗಿ ತೆರೆದುದು 2023ರ ಜನವರಿಯಲ್ಲಿ.

ಕಾಫಿ ಸೀಮೆಗೆ ಇದರ ಪ್ರಯೋಜನ ಕಡಿಮೆಯದಲ್ಲ. ತೋಟದ ಗಡಿ, ಹಳ್ಳದ ನೀರು, ಕಾನಿನ ಸೊಪ್ಪು, ಕಾಲುದಾರಿ ಇವುಗಳ ವ್ಯಾಜ್ಯ ಅನೇಕ ವೇಳೆ ನಿಲ್ಲುವುದು ಹಳೆಯ ಕಾಗದದ ಮೇಲೆ. ಆ ಕಾಗದ ಒಂದು ಪಕ್ಷದ ಪೆಟ್ಟಿಗೆಯಲ್ಲಿ ಮಾತ್ರ ಇದ್ದರೆ ನ್ಯಾಯದ ತಕ್ಕಡಿ ಮೊದಲೇ ವಾಲಿರುತ್ತದೆ. ಪಹಣಿಗಳು ‘ಭೂಮಿ’ ಯೋಜನೆಯಿಂದ ಗಣಕಕ್ಕೆ ಬಂದಿವೆ. ಪಹಣಿಯ ಹಿಂದಿನ ಆಜ್ಞೆಯೂ ತೀರ್ಪೂ ಕೈಗೆಟುಕಿದಾಗಲೇ ಬಡ ಹಿಡುವಳಿದಾರನಿಗೆ ಅದರ ಪೂರ್ಣಫಲ.

೫. ಭಂಡಾರಿಯ ಹೊಣೆ

ಆದರೂ ಕಲ್ಲಿಗೂ ತೀರ್ಪಿಗೂ ಒಂದು ಭೇದವುಂಟು. ಶಾಸನದಲ್ಲಿ ಹೆಸರು ಕೊರೆಯಿಸಿಕೊಂಡ ದಾನಿ ಕೀರ್ತಿಯನ್ನು ಬಯಸಿದವನು. ತೀರ್ಪಿನಲ್ಲಿ ಹೆಸರು ಬಂದ ಸಂಕಟಸ್ಥೆ ಅದನ್ನು ಬಯಸಿದವಳಲ್ಲ. 2017ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಒಂದು ವೈವಾಹಿಕ ವ್ಯಾಜ್ಯಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ ಮಹಿಳೆಯೊಬ್ಬಳ ಹೆಸರು ಅಂತರಜಾಲದ ಶೋಧದಲ್ಲಿ ಕಾಣಿಸದಂತೆ ಎಚ್ಚರ ವಹಿಸಲು ತನ್ನ ಕಚೇರಿಗೆ ಸೂಚಿಸಿದುದು ಈ ಭೇದವನ್ನು ಗುರುತಿಸಿದಂತಾಯಿತು. ತೀರ್ಪಿನ ತರ್ಕ ಸಾರ್ವಜನಿಕ; ವ್ಯಕ್ತಿಯ ಮಾನ ಅವಳದು. ಒಂದನ್ನು ಕಾಯಲು ಇನ್ನೊಂದನ್ನು ಬಲಿಗೊಡಬೇಕಾಗಿಲ್ಲ. ಹೆಸರನ್ನು ಮರೆಮಾಡಿದ ಕಡೆ ಮರೆಮಾಡಿದೆಯೆಂದು ಸೂಚಿಸಿ, ಪಾಠವನ್ನು ಯಥಾಸ್ಥಿತಿಯಲ್ಲಿಡುವುದೇ ಸರಿಯಾದ ಕ್ರಮ. ತ್ರುಟಿತವಾದ ಅಕ್ಷರಗಳ ಸ್ಥಳದಲ್ಲಿ ಚುಕ್ಕಿಯಿಡುವ ಶಾಸನಸಂಪಾದಕನ ಪ್ರಾಮಾಣಿಕತೆಯೇ ಇಲ್ಲಿಯೂ ಬೇಕು.

ಉಳಿದ ಕರ್ತವ್ಯಗಳೂ ಹಸ್ತಪ್ರತಿ ಭಂಡಾರದವೇ ಆಗಿವೆ. ಗರಿಗಳ ಕ್ರಮ ತಪ್ಪದಂತೆ ಪುಟಗಳ ಕ್ರಮವನ್ನು ಕಾಯಬೇಕು. ಪುಷ್ಪಿಕೆಯಂತೆ ದಾಖಲೆಯ ಮೂಲ, ಕಾಲ, ಪ್ರತಿ ಮಾಡಿದ ದಿನಗಳನ್ನು ನಮೂದಿಸಬೇಕು. ಯಂತ್ರ ಓದಿದ ಅಕ್ಷರಗಳಲ್ಲಿ ಲಿಪಿಕಾರನಂತೆಯೇ ಸ್ಖಾಲಿತ್ಯಗಳಿರುವುದರಿಂದ ಪುಟದ ಚಿತ್ರವನ್ನು ಜೊತೆಗೇ ಇಡಬೇಕು. ಪ್ರತಿಗಳು ಒಂದಕ್ಕಿಂತ ಹೆಚ್ಚು ಸ್ಥಳಗಳಲ್ಲಿರಬೇಕು. ಆಳುವವರಿಗೆ ರುಚಿಸದ ಪತ್ರವನ್ನೂ ಬಿಡದೆ ಇಡಬೇಕು. ಕಲ್ಲಿನಲ್ಲಿ ಏನನ್ನು ಕೊರೆಯಬೇಕೆಂಬುದನ್ನು ಅರಸನು ಆಯುತ್ತಿದ್ದ, ಭಂಡಾರಿ ಹಾಗೆ ಆಯಲಾಗದು.

ದತ್ತಿಯನ್ನು ಕೊಡುವುದಕ್ಕಿಂತ ಪಾಲಿಸುವುದು ಹಿರಿದೆಂಬ ಭಾವ ಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಉಚಿತ ಭಂಡಾರವನ್ನು ತೆರೆಯುವುದು ದಾನ. ವರ್ಷವರ್ಷವೂ ಅದನ್ನು ತೆರೆದೇ ಇಡುವುದು ಪಾಲನೆ. ಅಂಗಡಿಯ ಕಲ್ಲು ಸುಮಾರು ಒಂಬೈನೂರ ಅರುವತ್ತು ವರ್ಷಗಳಿಂದ ಆ ಪಾಲನೆಯನ್ನು ಮಾಡುತ್ತ ಬಂದಿದೆ.