ಅಮರಗೋಳದ ಮಾತಿನಲ್ಲಿ ಸಾಗುತ್ತಿದ್ದ ಕಾಲ

ಹಿಂದೊಮ್ಮೆ ಮುಗಿಯದೆ ಸಾಗಿದ್ದ ಕ್ರಿಯೆಯನ್ನು ಇಂಗ್ಲಿಷು ‘ವಾಸ್’, ‘ವರ್’ಗಳ ಜೊತೆ ‘ಇಂಗ್’ ಪ್ರತ್ಯಯ ಸೇರಿಸಿ ಹೇಳುತ್ತದೆ. ಕನ್ನಡದಲ್ಲೂ ಇಂಥ ರಚನೆ ಹಳೆಯದು. ಹಳಗನ್ನಡದಲ್ಲಿ ‘ಉತ್ತುಂ’ ಕೃದಂತದೊಡನೆ ‘ಇರ್ದಂ’ ಸೇರುತ್ತಿತ್ತು. ಮುಂದೆ ರಕಾರ ಬಿದ್ದು ‘ಇದ್ದನು’ ಆಯಿತು. ‘ಬರೆಯುತ್ತಿದ್ದನು’ ಬರಹದಲ್ಲಿ ನೆಲೆನಿಂತಿತು. ಹಳೆಯ, ನಡುವಣ, ಹೊಸ ರೂಪಗಳನ್ನು ಕಿಟೆಲ್ ಅವರ 1903ರ ವ್ಯಾಕರಣ ಇಂಗ್ಲಿಷಿನಲ್ಲಿ ವಿವರಿಸಿತು.

ಹುಬ್ಬಳ್ಳಿ–ಧಾರವಾಡಗಳ ನಡುವಿನ ಅಮರಗೋಳದ ಆಡುಮಾತಿನಲ್ಲಿ ಇನ್ನೊಂದು ರೂಪವೂ ಬೆಳೆಯಿತು. ತೊಡಗು ಎಂಬರ್ಥದ ‘ಹತ್ತು’ ಧಾತು ಸೇರಿದ ‘ಬರೆಯಲಿಕ್ಕೆ ಹತ್ತಿದ್ದ’ ಎಂಬುದು ‘ಬರಿಯಾಕತ್ತಿದ್ದ’ ಎಂದು ಸವೆಯಿತು. ‘ದಿನಾ ಬರೀತಿದ್ದ’ ಎಂಬುದು ರೂಢಿಯನ್ನು ಹೇಳಿದರೆ, ‘ಬರಿಯಾಕತ್ತಿದ್ದ’ ಆ ಹೊತ್ತಿನ ಕ್ರಿಯೆಯನ್ನು ಹೇಳುತ್ತದೆ. ಇಂಗ್ಲಿಷಿನ ‘ವಾಸ್ ರೈಟಿಂಗ್’ ಕಲಿಸಲು ಇಲ್ಲಿನ ಮಕ್ಕಳಿಗೆ ಇದೇ ಹತ್ತಿರದ ಆಧಾರ.