ದಪ್ಪಕ್ಷರದ ವಂಶಾವಳಿ: ಶ್ರೀರಾಮಪುರದಿಂದ ‘ಬಾಲೂ ತಮ್ಮ’ನವರೆಗೆ



ವೈದ್ಯರ ಕೈಬರಹದ ಕೀರ್ತಿ ಲೋಕವಿದಿತ. ಅಂಥವರನ್ನು ಅಕ್ಷರದ ಅಂದ ಕುರಿತು ಮಾತನಾಡಲು ಕರೆದದ್ದು ತಮ್ಮ ಔದಾರ್ಯ.

ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಬಂಗಾಳದ ಶ್ರೀರಾಮಪುರದಲ್ಲಿ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದರು, ಅಂದರೆ ಕೈಬರಹವೇ ಕಲ್ಲಿನಿಂದ ಕಾಗದಕ್ಕಿಳಿಯಿತು. 1894ರಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ ಕಿಟ್ಟೆಲರ ನಿಘಂಟನ್ನು ಪ್ರಕಟಿಸುವ ವೇಳೆಗೆ ಓದುವ ಅಕ್ಷರ ಚೆನ್ನಾಗಿ ಪಳಗಿತ್ತು. ಕೂಗಿ ಕರೆಯುವ ಅಕ್ಷರವಾದರೋ ಬಹುಕಾಲ ಕುಂಚ ಹಿಡಿದ ಕಲಾವಿದರ ಕೈಯಲ್ಲಿಯೇ ಉಳಿಯಿತು. ಅಂಗಡಿಯ ಫಲಕ, ಸಿನಿಮಾದ ಭಿತ್ತಿಪತ್ರ, ಕಾದಂಬರಿಯ ಮುಖಪುಟ ಇವೆಲ್ಲ ಅವರ ಸಾಮ್ರಾಜ್ಯ.

ಅದೇ 1894ರಲ್ಲಿ ಕಿಪ್ಲಿಂಗನ ‘ಜಂಗಲ್ ಬುಕ್’ ಕೂಡ ಪ್ರಕಟವಾಯಿತೆಂಬುದು ಕಾಕತಾಳೀಯ. ಅದರೊಳಗಿನ ಕರಡಿ ಬಾಲೂವಿನ ಹೆಸರನ್ನು ಮುಂಬಯಿಯ ‘ಏಕ್ ಟೈಪ್’ ಸಂಸ್ಥೆ ತನ್ನ ಸ್ಥೂಲಕಾಯದ ಅಕ್ಷರಕುಟುಂಬಕ್ಕೆ ಇಟ್ಟಿತು. 2016ರಲ್ಲಿ ಗೂಗಲ್ ಫಾಂಟ್ಸ್ ಮೂಲಕ ಅದು ಎಲ್ಲರಿಗೂ ಉಚಿತವಾಗಿ ದೊರೆಯಿತು. ಕನ್ನಡದವನು ‘ಬಾಲೂ ತಮ್ಮ’, ತಮಿಳಿನವನು ‘ತಂಬಿ’, ಮಲಯಾಳದವನು ‘ಚೇಟ್ಟನ್’, ಗುರುಮುಖಿಯವನು ‘ಪಾಜಿ’. ಅರಬ್ಬೀ ಲಿಪಿಯವನು ‘ಭಾಯಿಜಾನ್’! ಈ ನಾಡಿನಲ್ಲಿ ಬಾಳುವ ನಮಗೆ ಇದು ಬರಿಯ ವಿನೋದವಲ್ಲ. 2017ರಲ್ಲಿ ದುಬೈ ಸರ್ಕಾರ ಮೈಕ್ರೋಸಾಫ್ಟ್ ಜೊತೆಗೂಡಿ ಬಿಡುಗಡೆ ಮಾಡಿದ ‘ದುಬೈ’ ಅಕ್ಷರರೂಪದಲ್ಲಿ ಅರಬ್ಬೀ ಮತ್ತು ಲ್ಯಾಟಿನ್ ಲಿಪಿಗಳನ್ನು ಜೊತೆಜೊತೆಯಾಗಿಯೇ ರೂಪಿಸಲಾಯಿತು. ಕನ್ನಡಕ್ಕೆ ಅಲ್ಲಿ ಸ್ಥಳವಿಲ್ಲ. ರಾಜ್ಯೋತ್ಸವದ ಆಹ್ವಾನಪತ್ರಿಕೆಯಲ್ಲಿ ಅರಬ್ಬೀ ಮತ್ತು ಕನ್ನಡ ಒಂದೇ ಮೈಕಟ್ಟಿನಿಂದ ಅಕ್ಕಪಕ್ಕ ನಿಲ್ಲಬೇಕಾದರೆ ಈ ಸೋದರರು ಒದಗುತ್ತಾರೆ.

ಆದರೆ ಕನ್ನಡಕ್ಕೆ ಕೊಬ್ಬು ತುಂಬುವುದು ಸುಲಭವಲ್ಲ. ನಮ್ಮ ಲಿಪಿಯ ಜೀವ ಅದರ ಒಳಗಿನ ಬಯಲಿನಲ್ಲಿದೆ. ‘ರ’ಕ್ಕೂ ‘ಠ’ಕ್ಕೂ ನಡುವೆ ಒಂದು ಚುಕ್ಕೆ, ‘ದ’ಕ್ಕೂ ‘ಧ’ಕ್ಕೂ ನಡುವೆ ಕೆಳಗಿನ ಒಂದು ಸೀಳು. ಗೆರೆ ದಪ್ಪವಾದಂತೆ ಈ ಕಿಂಡಿಗಳು ಮುಚ್ಚುತ್ತವೆ, ರಕ್ತನಾಳದ ಗೋಡೆ ದಪ್ಪವಾದಾಗ ಒಳದಾರಿ ಕಿರಿದಾಗುವಂತೆ. ಆಗ ಧನಸಹಾಯ ಕೋರುವ ಫಲಕ ದನಸಹಾಯ ಕೋರೀತು! ‘ರಾಜ್ಯೋತ್ಸವ’ದಂಥ ಪದದ ಒತ್ತಕ್ಷರಗಳು ಕೆಳಸಾಲಿನ ನೆತ್ತಿಗೆ ತಾಗುತ್ತವೆ, ಸಾಲುಗಳ ಅಂತರ ಹೆಚ್ಚಿಸದೆ ಗತ್ಯಂತರವಿಲ್ಲ.

ಆದ್ದರಿಂದ ಈ ತಮ್ಮನನ್ನು ವೇದಿಕೆಯ ಹಿಂದಿನ ಪರದೆಯ ಮೇಲೆ, ಮಕ್ಕಳ ಪುಸ್ತಕದ ಶೀರ್ಷಿಕೆಯಲ್ಲಿ, ತಿಂಡಿ ಮಳಿಗೆಯ ಫಲಕದಲ್ಲಿ ಮೆರೆಸುವುದು ಯುಕ್ತ. ಇಲ್ಲಿ ಹುಟ್ಟಿ ಬೆಳೆದು, ವಾರಕ್ಕೊಮ್ಮೆ ಮಾತ್ರ ಅಕ್ಷರ ಕಲಿಯುವ ಮಕ್ಕಳಿಗೆ ಪಾಠದ ಒಡಲನ್ನೂ ಇದರಲ್ಲೇ ಅಚ್ಚುಹಾಕುವುದನ್ನು ನಾವು ಒಪ್ಪಲಾರೆವು. ‘ಥ’, ‘ಧ’ಗಳ ಭೇದ ಅವರ ಕಣ್ಣಿಗೆ ಇನ್ನೂ ಪಳಗಿರುವುದಿಲ್ಲ. ಊರಿನಿಂದ ಬಂದ ವೃದ್ಧ ತಾಯ್ತಂದೆಯರಿಗಾಗಿ ಬರೆಯುವ ಔಷಧಿಯ ಚೀಟಿಯಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಮೊದಲೇ ನೋಟಕ್ಕೆ ಸಮೀಪವಾದ ‘೬’ ಮತ್ತು ‘೯’ ಸಣ್ಣ ಗಾತ್ರದಲ್ಲಿ ದಪ್ಪಗಾದರೆ ಮಾತ್ರೆಯ ವೇಳೆಯೇ ತಪ್ಪೀತು. ಅನಂತರ ಬಂದ ‘ಬಾಲೂ ತಮ್ಮ 2’ರಲ್ಲಿ ದಪ್ಪದ ಐದು ಹಂತಗಳಿವೆ, ಚೀಟಿಗೆ ಅದೇ ಬೇಕೆನ್ನುವವರು ಅತ್ಯಂತ ತೆಳುವಾದುದನ್ನು ಆರಿಸಿಕೊಂಡು, ವೇಳೆಯನ್ನು ಅಂಕಿಯ ಜೊತೆಗೆ ಅಕ್ಷರದಲ್ಲಿಯೂ ಬರೆಯಲಿ.