ಕರುಣೆಯ ಪಾಠ, ಗಮನದ ಪಾಠ: ಶಾಲೆಯಲ್ಲಿ ಜಾನುವಾರು ಆರೈಕೆಯ ಬೋಧನೆ

ಮದುವೆ ಮನೆಯಲ್ಲಿ ಉಳಿದ ಅನ್ನ, ಪಾಯಸವನ್ನು ಕೊಟ್ಟಿಗೆಯ ಹಸುವಿಗೆ ಹಾಕುವುದು ನಮ್ಮಲ್ಲಿ ಪುಣ್ಯದ ಕೆಲಸ. ಮಾರನೆಯ ದಿನ ಅದೇ ಹಸು ಮೇವು ಬಿಟ್ಟು, ಹಲ್ಲು ಕಡಿಯುತ್ತ, ಹುಳಿ ವಾಸನೆಯ ತೆಳು ಸಗಣಿ ಹಾಕುತ್ತ ನೆಲ ಹಿಡಿಯುವುದು ಪಶುವೈದ್ಯರಿಗೆ ಹೊಸ ದೃಶ್ಯವೇನಲ್ಲ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ನಾರನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳಿರುತ್ತವೆ. ಅಲ್ಲಿನ ಪಿಎಚ್ ಸಾಮಾನ್ಯವಾಗಿ 6ರಿಂದ 7. ಬೇಯಿಸಿದ ಅಕ್ಕಿಯ ಪಿಷ್ಟ ಒಮ್ಮೆಗೇ ಬಹಳ ಬಿದ್ದರೆ ಲ್ಯಾಕ್ಟಿಕ್ ಆಮ್ಲ ಹೆಚ್ಚಿ ಪಿಎಚ್ 5ಕ್ಕಿಂತ ಕೆಳಗಿಳಿಯುತ್ತದೆ. ಸೂಕ್ಷ್ಮಜೀವಿಗಳು ಸಾಯುತ್ತವೆ, ದೇಹದ ನೀರು ಹೊಟ್ಟೆಯೊಳಕ್ಕೆ ಸೋರುತ್ತದೆ, ಚಿಕಿತ್ಸೆ ತಡವಾದರೆ ಒಂದೆರಡು ದಿನದಲ್ಲೇ ಹಸು ಸಾಯಬಹುದು. ಹಾಕಿದವರ ಮನಸ್ಸಿನಲ್ಲಿ ಕ್ರೌರ್ಯದ ಎಳೆಯೂ ಇರಲಿಲ್ಲ, ಪ್ರೀತಿಯೇ ಇತ್ತು. ಪ್ರಾಣಿಗಳ ಬಗ್ಗೆ ನಮ್ಮ ಶಾಲೆಗಳು ಕಲಿಸುತ್ತಿರುವುದು ಹೆಚ್ಚಾಗಿ ಈ ಪ್ರೀತಿಯನ್ನೇ. ಪ್ರಾಣಿಯನ್ನು ಗಮನಿಸುವ ವಿದ್ಯೆ ಅದರ ಜೊತೆಗೆ ಬರುತ್ತಿಲ್ಲ ಎಂಬುದು ಈ ಲೇಖನದ ವಾದ.

ಸಂವಿಧಾನ ಇವೆರಡನ್ನೂ ಅಕ್ಕಪಕ್ಕದಲ್ಲೇ ಇರಿಸಿದೆ. 1976ರ 42ನೇ ತಿದ್ದುಪಡಿಯಿಂದ ಬಂದ 51ಎ ವಿಧಿಯ (ಜಿ) ಖಂಡ ಜೀವಿಗಳಲ್ಲಿ ಅನುಕಂಪವನ್ನು ನಾಗರಿಕರ ಕರ್ತವ್ಯವೆನ್ನುತ್ತದೆ. ಅದರ ಬೆನ್ನಿಗೇ ಇರುವ (ಎಚ್) ಖಂಡ ವೈಜ್ಞಾನಿಕ ಮನೋಭಾವವನ್ನು, ಪ್ರಶ್ನಿಸಿ ತಿಳಿಯುವ ಗುಣವನ್ನು ಕೇಳುತ್ತದೆ. ಪಠ್ಯಪುಸ್ತಕಗಳಲ್ಲಿ ಇವು ದೂರವಾಗಿವೆ. ಭಾಷಾ ಪಾಠದಲ್ಲಿ ಹಸು ಪುಣ್ಯಕೋಟಿ. ವಿಜ್ಞಾನದಲ್ಲಿ ಅದೇ ಹಸು ಉತ್ಪಾದನೆಯ ಮೂಲ: ಹಲವು ವರ್ಷ ಬಳಕೆಯಲ್ಲಿದ್ದ ಎನ್‌ಸಿಇಆರ್‌ಟಿಯ 9ನೇ ತರಗತಿಯ ಪುಸ್ತಕದಲ್ಲಿ ಕೊಟ್ಟಿಗೆ, ಮೇವು, ರೋಗಗಳ ಮಾತು ಬರುವುದು ಆಹಾರ ಸಂಪನ್ಮೂಲಗಳ ಸುಧಾರಣೆಯ ಅಧ್ಯಾಯದಲ್ಲಿ. 2013ರಲ್ಲಿ ಶುರುವಾದ ಕ್ಷೀರಭಾಗ್ಯ ಯೋಜನೆಯಿಂದಾಗಿ ಕರ್ನಾಟಕದ ಸರ್ಕಾರಿ ಶಾಲೆಯ ಮಕ್ಕಳು ಶಾಲೆಯಲ್ಲೇ ಹಾಲು ಕುಡಿಯುತ್ತಾರೆ. ಆ ಹಾಲು ಕೊಟ್ಟ ಹಸು ಹೇಗಿದೆ ಎಂದು ನೋಡಿ ತಿಳಿಯುವ ಬಗೆಯನ್ನೂ ಅವರಿಗೆ ಕಲಿಸಬಹುದಿತ್ತು.

ಇಂಥ ಬೋಧನೆಗೆ ಚೌಕಟ್ಟಿನ ಕೊರತೆಯೇನೂ ಇಲ್ಲ. ರೂತ್ ಹ್ಯಾರಿಸನ್ 1964ರಲ್ಲಿ ಬರೆದ 'ಅನಿಮಲ್ ಮಷೀನ್ಸ್' ಬ್ರಿಟನ್ನಿನಲ್ಲಿ ಎಬ್ಬಿಸಿದ ಚರ್ಚೆಯಿಂದ ಬ್ರಾಂಬೆಲ್ ಸಮಿತಿ ರಚನೆಯಾಯಿತು. ನಿಲ್ಲಲು, ಮಲಗಲು, ತಿರುಗಲು, ಮೈ ನೆಕ್ಕಿಕೊಳ್ಳಲು, ಕಾಲು ಚಾಚಲು ಪ್ರಾಣಿಗೆ ಅವಕಾಶವಿರಬೇಕು ಎಂದು ಸಮಿತಿಯ 1965ರ ವರದಿ ಹೇಳಿತು. ಅದೇ ಮುಂದೆ ಐದು ಸ್ವಾತಂತ್ರ್ಯಗಳಾಗಿ ಬೆಳೆಯಿತು: ಹಸಿವು-ಬಾಯಾರಿಕೆಯಿಂದ, ಅನನುಕೂಲದಿಂದ, ನೋವು-ರೋಗದಿಂದ, ಭಯ-ಯಾತನೆಯಿಂದ ಮುಕ್ತಿ, ಜೊತೆಗೆ ಸಹಜವಾಗಿ ನಡೆದುಕೊಳ್ಳುವ ಸ್ವಾತಂತ್ರ್ಯ. 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕೂಡ ಇವನ್ನು ಉಲ್ಲೇಖಿಸಿತು. ಆದರೆ ಈ ಐದನ್ನು ಬಾಯಿಪಾಠ ಮಾಡಿಸಿದರೆ ಇನ್ನೊಂದು ಐದು ಅಂಕದ ಪ್ರಶ್ನೆ ಹುಟ್ಟುತ್ತದೆ, ಅಷ್ಟೆ.

ಪಾಠ ಕೊಟ್ಟಿಗೆಯಲ್ಲಿ ಶುರುವಾಗಬೇಕು. ಹಸುವಿನ ಎಡ ಅಳ್ಳೆಯ ಗುಳಿಗೆ ಮುಷ್ಟಿಯನ್ನು ಮೆಲ್ಲಗೆ ಒತ್ತಿ ನಿಂತರೆ, ಒಳಗಿನ ಹೊಟ್ಟೆ ನಿಮಿಷಕ್ಕೆ ಒಂದೆರಡು ಬಾರಿ ಕೈಯನ್ನು ಹೊರಕ್ಕೆ ತಳ್ಳುವುದು ತಿಳಿಯುತ್ತದೆ. ಅಲುಗಾಟ ನಿಂತಿದ್ದರೆ ಏನೋ ಕೆಟ್ಟಿದೆ. ಇದಕ್ಕೆ ಉಪಕರಣ ಬೇಡ, ಒಂದು ಗಡಿಯಾರ ಮತ್ತು ಸಾಧು ಹಸುವಿದ್ದರೆ ಸಾಕು. ಹಸುವನ್ನು ಮನೆಯವರು ಹಿಡಿದುಕೊಂಡಿರಬೇಕು. ಮುಸುಡಿ ಒದ್ದೆಯಾಗಿದೆಯೇ, ಮಲಗಿದಾಗ ಮೆಲುಕು ಹಾಕುತ್ತಿದೆಯೇ, ಉಸಿರು ನಿಮಿಷಕ್ಕೆ ಎಷ್ಟು ಎಂದು ಮಕ್ಕಳು ಬರೆದುಕೊಳ್ಳಲಿ. ಆರೋಗ್ಯವಂತ ಹಸು ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುತ್ತದೆ, ಹತ್ತು-ಹನ್ನೆರಡು ಗಂಟೆ ಮಲಗುತ್ತದೆ. ಅದು ಏಳುವ ರೀತಿಯನ್ನು ಮಕ್ಕಳು ಅವಶ್ಯವಾಗಿ ನೋಡಬೇಕು. ತಲೆಯನ್ನು ಮುಂದಕ್ಕೆ ಚಾಚಿ, ಭಾರವನ್ನು ಅತ್ತ ಸರಿಸಿ, ಮೊದಲು ಹಿಂಗಾಲನ್ನು ಎತ್ತುತ್ತದೆ. ಕಣ್ಣಿ ಗಿಡ್ಡವಾಗಿ ತಲೆ ಚಾಚಲು ಜಾಗವಿಲ್ಲದಿದ್ದರೆ ಎರಡು ಮೂರು ಬಾರಿ ಪ್ರಯತ್ನಿಸಿ ಜಾರುತ್ತದೆ, ಗಟ್ಟಿ ಸಿಮೆಂಟಿನ ಮೇಲೆ ಮಂಡಿ ಉಜ್ಜಿಕೊಳ್ಳುತ್ತದೆ. ಇದನ್ನು ಕಣ್ಣಾರೆ ಕಂಡ ಹುಡುಗನಿಗೆ ಬ್ರಾಂಬೆಲ್ ಸಮಿತಿ ಹೇಳಿದ್ದೇನೆಂದು ಬೇರೆ ವಿವರಿಸಬೇಕಾಗುವುದಿಲ್ಲ.

ಕರು ಹಾಕಿದ ಮನೆ ಸಿಕ್ಕರೆ ಇನ್ನೂ ದೊಡ್ಡ ಪಾಠ. ಹಸುವಿನ ಗರ್ಭದಲ್ಲಿ ರೋಗನಿರೋಧಕ ಕಣಗಳು ಕರುವಿಗೆ ದಾಟುವುದಿಲ್ಲ; ಅವು ಬರುವುದು ಗಿಣ್ಣಿನಿಂದ. ಕರುವಿನ ಕರುಳು ಅವನ್ನು ಇಡಿಯಾಗಿ ಹೀರಿಕೊಳ್ಳುವುದು ಮೊದಲ ದಿನ ಮಾತ್ರ, ಅದೂ ಗಂಟೆ ಗಂಟೆಗೆ ಕಡಿಮೆಯಾಗುತ್ತ ಹೋಗುತ್ತದೆ. ಆದ್ದರಿಂದ ಹುಟ್ಟಿದ ಒಂದೆರಡು ಗಂಟೆಯೊಳಗೆ ಶುರುಮಾಡಿ, ಮೊದಲ ದಿನ ಮೈತೂಕದ ಹತ್ತನೇ ಒಂದು ಭಾಗದಷ್ಟು, ಎಂದರೆ 25 ಕೆ.ಜಿ.ಯ ಕರುವಿಗೆ ಸುಮಾರು ಎರಡೂವರೆ ಲೀಟರ್ ಗಿಣ್ಣು ಕುಡಿಸಬೇಕು. ಸತ್ತೆ (ಮಾಸು) ಬೀಳುವವರೆಗೆ ಕರುವನ್ನು ಕೆಚ್ಚಲಿಗೆ ಬಿಡಬಾರದೆಂಬ ನಂಬಿಕೆ ಇನ್ನೂ ಅನೇಕ ಕಡೆ ಇದೆ. ವಾಸ್ತವದಲ್ಲಿ ಕರು ಮೊಲೆ ಚೀಪಿದಾಗ ಸ್ರವಿಸುವ ಆಕ್ಸಿಟೋಸಿನ್ ಗರ್ಭಕೋಶವನ್ನು ಸಂಕುಚಿಸಿ ಸತ್ತೆ ಬೀಳಲು ನೆರವಾಗುತ್ತದೆ. ಗಿಣ್ಣಿನ ಸಿಹಿ ತಿಂದು ಬೆಳೆದ ಮಕ್ಕಳಿಗೆ ಕರುವಿನ ಪಾಲಿನ ಈ ಲೆಕ್ಕ ಬೇಗ ಮನಸ್ಸಿಗೆ ಹೋಗುತ್ತದೆ.

ಕಾನೂನನ್ನೂ ಹೀಗೆಯೇ ಲೆಕ್ಕವಾಗಿ ಕಲಿಸಬಹುದು. 1965ರ ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ನಿಯಮಗಳ ಪ್ರಕಾರ ಎತ್ತನ್ನು ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ತಾಪಮಾನ 37 ಡಿಗ್ರಿ ಸೆಲ್ಸಿಯಸ್ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ. ರಾಯಚೂರು, ಕಲಬುರಗಿಯ ಬೇಸಿಗೆ ಬಲ್ಲ ಮಕ್ಕಳಿಗೆ ಇದು ತಮ್ಮದೇ ಊರಿನ ವಿಷಯ.

ಎಚ್ಚರಗಳೂ ಬೇಕು. ಪ್ರಾಣಿಯನ್ನು ಶಾಲೆಗೆ ಎಳೆತಂದು ನಲವತ್ತು ಮಕ್ಕಳ ನಡುವೆ ನಿಲ್ಲಿಸಿದರೆ ಭಯದಿಂದ ಮುಕ್ತಿಯ ಪಾಠ ಅಲ್ಲೇ ಸುಳ್ಳಾಗುತ್ತದೆ. ಕಂದು ಹಾಕಿದ ಹಸುವಿನ ಬಳಿ ಮಕ್ಕಳನ್ನು ಬಿಡಲೇಬಾರದು, ಕಂದು ಹಾಕಿಸುವ ಬ್ರೂಸೆಲ್ಲೋಸಿಸ್ ರೋಗ ಮನುಷ್ಯರಿಗೂ ಹರಡುತ್ತದೆ. ಕೊಟ್ಟಿಗೆ ನೋಡಲು ಮನೆಮನೆಗೆ ಹೋದಾಗ ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕೆಂಬುದು ಪ್ರತಿ ಮಗುವಿಗೂ ಗೊತ್ತಿರಬೇಕು.

ಬೋಧಕರಿಗೆ ನಿಜವಾದ ಕಷ್ಟ ಬರುವುದು ಮಗು ತನ್ನ ಮನೆಯ ಕೊಟ್ಟಿಗೆಯಲ್ಲೇ ಕೊರತೆ ಕಂಡಾಗ. ಒಂದೆರಡು ಹಸು ಕಟ್ಟಿಕೊಂಡು ಡೇರಿ ಹಾಲಿನ ಬಟವಾಡೆಯಲ್ಲಿ ಸಂಸಾರ ನಡೆಸುವ ತಾಯಿಯ ಮೇಲೆ ಮಗಳ ನೋಟ್‌ಬುಕ್ ದೋಷಾರೋಪ ಪಟ್ಟಿಯಾಗಬಾರದು. ಆದ್ದರಿಂದ ದಾಖಲೆಯಲ್ಲಿ ಅಂಕ ಕೊಡಬೇಕಾದ್ದು ಗಮನಿಸಿದ ನಿಖರತೆಗೆ ಮತ್ತು ಖರ್ಚಿಲ್ಲದೆ ಬದಲಿಸಬಹುದಾದ ಒಂದು ಸಂಗತಿಯನ್ನು ಗುರುತಿಸಿದ್ದಕ್ಕೆ: ಕಣ್ಣಿಯನ್ನು ಒಂದು ಮೊಳ ಉದ್ದ ಮಾಡುವುದು, ದಿನಕ್ಕೆರಡು ಸಲ ಕುಡಿಸುವ ಬದಲು ನೀರನ್ನು ಇಡೀ ದಿನ ಮುಂದಿಡುವುದು. ಹಾಲಿನ ಬಹುಭಾಗ ನೀರೇ ಆದ್ದರಿಂದ ಬಾಯಾರಿದ ಹಸುವಿನ ಹಾಲು ಇಳಿಯುತ್ತದೆ. ಬಕೆಟ್ಟು ಮುಂದಿಟ್ಟ ವಾರದ ಡೇರಿ ಚೀಟಿಯನ್ನು ಹಿಂದಿನ ವಾರದ್ದರ ಪಕ್ಕದಲ್ಲಿಟ್ಟು ನೋಡುವ ಕೆಲಸವನ್ನು ಮಗಳಿಗೇ ವಹಿಸಬಹುದು.